ಅಡಿಗೆಮನೆಯಲ್ಲಿ ಆಡಿದ ಮಾತು

ರುದ್ರಾಣಿಯ ದನಿ ದೊಡ್ಡದು. ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷದ ಹತ್ತಿರ ಕನ್ನಡ ಕಲಿಸಿದವಳು. ಹೊರಗೆ ಬಸ್ಸು ಹಾರ್ನ್ ಬಾರಿಸಿದರೂ ಕಡೆಯ ಬೆಂಚಿನ ಹುಡುಗಿಗೆ ಅವಳ ಮಾತು ಮುಟ್ಟುತ್ತಿತ್ತು. ಗಂಡ ಚನ್ನಮಲ್ಲಪ್ಪ ತೀರಿಕೊಂಡ ಮೇಲೆ ಮಗ ವಿಜಯ ಅವಳನ್ನು ಮೆಲ್ಬರ್ನಿಗೆ ಕರೆಸಿಕೊಂಡ. ನಗರದಂಚಿನ ಟಾರ್ನೀಟ್ ಬಡಾವಣೆಯ ಆ ಮನೆಯಲ್ಲಿ ಅಷ್ಟು ದೊಡ್ಡ ದನಿಗೆ ಕೆಲಸವೇ ಇರಲಿಲ್ಲ. ಬೆಳಕು ಹರಿಯುವ ಮೊದಲೇ ವಿಜಯ ಸ್ಟೇಷನ್ನಿಗೆ ಕಾರು ಓಡಿಸಿಕೊಂಡು ಹೋಗಿ ಸಿಟಿಯ ಟ್ರೇನು ಹಿಡಿಯುತ್ತಿದ್ದ. ಮೈಸೂರಿನ ಸೊಸೆ ಸಂಧ್ಯಾರಾಣಿ ಮಗಳು ನಿಹಾರಿಕಾಳನ್ನು ಸ್ಕೂಲಿಗೆ ಬಿಟ್ಟು, ತಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಹೋಗುತ್ತಿದ್ದಳು. ಆಮೇಲೆ ಸಂಜೆಯವರೆಗೆ ಕಿಟಕಿಯಾಚೆ ಒಂದೇ ಅಚ್ಚಿನ ಬೂದು ಛಾವಣಿಗಳು, ಗಾಳಿ, ಎಂದಾದರೊಮ್ಮೆ ಪಾರ್ಸಲ್ ಹಂಚುವವನ ವ್ಯಾನು.

ಮಧ್ಯಾಹ್ನ ಸಿಡ್ನಿಯಿಂದ ಮಗಳು ಮಹಾಶ್ವೇತಾಳ ಫೋನು ಬರುತ್ತಿತ್ತು. ಮನೆಯಲ್ಲಿ ಎಲ್ಲರೂ ಅವಳನ್ನು ಮಹಾ ಅನ್ನುತ್ತಿದ್ದರು. ಅವಳು ಸಿಡ್ನಿಯ ಲಿವರ್‌ಪೂಲ್ ಎಂಬ ಬಡಾವಣೆಯಲ್ಲಿ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿದ್ದಳು. ಊಟದ ಬಿಡುವಿನಲ್ಲಿ ತನ್ನ ಕಾರಿನಲ್ಲಿ ಕೂತು ಡಬ್ಬಿ ಬಿಚ್ಚಿ ಅವ್ವನಿಗೆ ಫೋನು ಹಚ್ಚುವಳು. ರುದ್ರಾಣಿ ಮೊಬೈಲನ್ನು ಉಪ್ಪಿನ ಡಬ್ಬಿಗೆ ಆನಿಸಿಟ್ಟು, ದನಿ ಜೋರು ಮಾಡಿಕೊಂಡು, ರೊಟ್ಟಿ ಬಡಿಯುತ್ತಲೇ ಮಾತಾಡುವಳು. ಅವಳ ದಿನವೆಂದರೆ ಆ ಅರ್ಧ ತಾಸು.

ಏಪ್ರಿಲ್‌ನಲ್ಲಿ ಒಂದು ದಿನ ಹಾಲು ಒಲೆಯ ಮೇಲಿಟ್ಟು ಹಿತ್ತಲಿಗೆ ಬಟ್ಟೆ ಒಣಹಾಕಲು ಹೋದವಳು ಪಕ್ಕದ ಮನೆಯ ಪಂಜಾಬಿ ಮುದುಕಿಯ ಜೊತೆ ಬೇಲಿಯ ಮೇಲಿಂದ ಮಾತಿಗೆ ನಿಂತಳು. ಪಾತ್ರೆ ಸೀದು, ಹೊಗೆಗೆ ಅಲಾರಂ ಕಿರುಚಿಕೊಂಡಿತು. ಮನೆಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ವಿಜಯ ಬಾಗಿಲು ದಾಟುವಾಗಲೆಲ್ಲ, “ಅವ್ವಾ, ಒಲಿ ಆರಿಸಿದಿಯೇನು?” ಎಂದು ಕೇಳತೊಡಗಿದ. ಮುಂದಿನ ವಾರ ತಂಬಿಗೆ ಗಾತ್ರದ, ಬಟ್ಟೆ ಹೊದಿಸಿದ ದುಂಡನೆಯ ಸಾಮಾನೊಂದನ್ನು ತಂದು ಫ್ರಿಜ್ಜಿನ ಮೇಲೆ ಇಟ್ಟ. ಅದರ ಹೆಸರು ಟಿಲ್ಲಿ.

“‘ಟಿಲ್ಲಿ’ ಅಂತ ಕರದ್ರ ಸಾಕವ್ವಾ, ಎಚ್ಚರಾಗ್ತದ. ‘ಕಾಲ್ ವಿಜಯ’ ಅಂದ್ರ ನನಗ ಫೋನ್ ಬರ್ತದ. ಬಿದ್ದಿ ಗಿದ್ದಿ ಅಂದ್ರ ಮೊಬೈಲ್ ಎಲ್ಲಿ ಹುಡುಕ್ತಿ?”

“ಹಂಗಾದ್ರ ಇದು ದಿನಾ ನಮ್ಮ ಮಾತು ಕೇಳಿಕೋತ ಕೂತಿರ್ತದೇನು?”

“ಹೆಸರು ಕರದಾಗ ಅಷ್ಟ.”

ಹನ್ನೆರಡು ವರ್ಷದ ನಿಹಾರಿಕಾ ಟೋಸ್ಟ್ ಕಡಿಯುತ್ತ ನಕ್ಕಳು. “ಹೆಸರು ಕೇಳಿಸಬೇಕಂದ್ರೆ ಇಟ್ ಹ್ಯಾಸ್ ಟು ಲಿಸನ್ ಆಲ್ವೇಸ್, ಡ್ಯಾಡ್.”

“ಇದು ಬೇಕಿತ್ತಾ ನಮಗೆ?” ಸಂಧ್ಯಾರಾಣಿ ಸಿಂಕಿನ ಹತ್ತಿರದಿಂದ ಕೇಳಿದಳು. “ಅಡುಗೆಮನೇಲಿ ಏನೇನೋ ಮಾತಾಡ್ತೀವಿ.”

“ಏನೇನೋ ಅಂದ್ರೆ?”

“ಏನೇನೋ ಅಂದ್ರೆ ಏನೇನೋ ರೀ!”

ಮಾತು ಅಲ್ಲಿಗೆ ನಿಂತಿತು. ಎರಡು ದಿನ ಬಿಟ್ಟು ರುದ್ರಾಣಿ ಸೆರಗನ್ನು ಸೊಂಟಕ್ಕೆ ಸಿಗಿಸಿ ರೊಟ್ಟಿ ಬಡಿಯುತ್ತಿದ್ದಾಗ ಫ್ರಿಜ್ಜಿನ ಮೇಲಿಂದ, “ಅವ್ವಾ, ಊಟಾತೇನು?” ಎಂದು ವಿಜಯನ ದನಿ ಬಂತು. ಬೆಚ್ಚಿಬಿದ್ದಳು, ಕೈಯಲ್ಲಿದ್ದ ರೊಟ್ಟಿ ಹರಿಯಿತು.

“ಒಳಗ ಬರೂ ಮೊದಲ ಬಾಗಿಲಾ ಬಡೀಬೇಕು ಅಂತ ಗೊತ್ತಿಲ್ಲೇನೋ?”

“ನನಗೇನೂ ಕಾಣೂದಿಲ್ಲವ್ವ, ಬರೇ ಕೇಳ್ತದ,” ಎಂದು ಅವನು ಆಫೀಸಿನಲ್ಲಿ ಕೂತು ನಕ್ಕ.

ಅವನು ಮಾತಾಡಿದಾಗ ಮಾತ್ರ ಅವನಿಗೆ ಇಲ್ಲಿಯದು ಕೇಳಿಸುತ್ತದೆ ಎಂದು ರುದ್ರಾಣಿ ತಿಳಿದುಕೊಂಡಳು. ಒಮ್ಮೊಮ್ಮೆ ಟಿಲ್ಲಿಯ ನೆತ್ತಿಯ ಮೇಲೆ ಹಸಿರು ಬೆಳಕೊಂದು ಸುತ್ತುತ್ತಿತ್ತು. ಈ ಮನೆಯಲ್ಲಿ ಫ್ರಿಜ್ಜಿಗೂ ಒಲೆಗೂ ಪಾತ್ರೆ ತೊಳೆಯುವ ಮಷೀನಿಗೂ ಒಂದೊಂದು ದೀಪವಿತ್ತು. ಇದೂ ಅಂಥದ್ದೇ ಅಂದುಕೊಂಡಳು.

ಜೂನ್ ಚಳಿಯಲ್ಲಿ ಒಂದು ಮಧ್ಯಾಹ್ನ ಮಹಾಶ್ವೇತಾ ಫೋನಿನಲ್ಲಿ ಬಹಳ ಹೊತ್ತು ಬರೀ ಉಸಿರಾಡಿದಳು.

“ಏನಾತ ನಿನಗ? ಉಂಡಿಯಿಲ್ಲೋ?”

“ಅವ್ವಾ, ನಾ ಮನಿ ಬಿಟ್ಟು ಎರಡು ತಿಂಗಳಾತು.”

ರುದ್ರಾಣಿಯ ಕೈ ಹಿಟ್ಟಿನಲ್ಲಿಯೇ ನಿಂತಿತು. ಅಳಿಯ ಶಂಭುಲಿಂಗ ಸಿಡ್ನಿಯದೇ ಚಾಟ್ಸ್‌ವುಡ್ಡಿನ ಕಂಪನಿಯೊಂದರಲ್ಲಿ ಒಳ್ಳೆಯ ಕೆಲಸದಲ್ಲಿದ್ದ. ಕುಡಿತವಿಲ್ಲ, ಕೈ ಎತ್ತುವವನಲ್ಲ, ಹಬ್ಬಕ್ಕೆ ತಪ್ಪದೆ ಅತ್ತೆಗೆ ಫೋನು ಮಾಡುವವನು.

“ಹೊಡದಾನೇನು?”

“ಇಲ್ಲ. ಮಾತ ಆಡೂದಿಲ್ಲ. ಒಂದು ಸಣ್ಣ ವಿಷಯಕ್ಕ ಸಿಟ್ಟು ಬಂದ್ರ ತಿಂಗಳಗಟ್ಟಲೆ. ಕಳದ ಸರ್ತಿ ದೀಪಾವಳಿಯಿಂದ ಸಂಕ್ರಾಂತಿ ತನಕ ಒಂದು ಮಾತಿಲ್ಲ. ನಾ ಹಾಕಿದ್ದು ಉಣ್ತಾನ, ಎದ್ದು ಹೋಗ್ತಾನ. ಆಸ್ಪತ್ರಿಯೊಳಗ ನಾ ಸ್ಕ್ಯಾನ್ ಮಾಡೂ ಹೆಂಗಸರ ಜೋಡಿ ಬೇಕಂತ ಮಾತು ಬೆಳಸ್ತಿದ್ದೆ ಅವ್ವ. ಮನಿಗೆ ಹೋದ್ರ ನನ್ನ ದನಿ ನನಗ ಮರತಂಗ ಆಗ್ತಿತ್ತು.” ಆಮೇಲೆ ಅತ್ತಳು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಚಿಕ್ಕ ಯೂನಿಟ್, ಒಂದು ಕೋಣೆಯ ಮನೆ, ಬಾಡಿಗೆಗೆ ಹಿಡಿದಿದ್ದೇನೆ, ಅವನಿಗೆ ಎಲ್ಲಿ ಅಂತ ಗೊತ್ತಿಲ್ಲ, ನಾನೇ ತಯಾರಾದಾಗ ಎಲ್ಲರಿಗೂ ಹೇಳುತ್ತೇನೆ ಅಂದಳು. “ಅಲ್ಲೀತನಕ ನೀ ಒಬ್ಬಾಕಿ. ಅಣ್ಣಗ ಅಂತೂ ಬ್ಯಾಡ. ಒಳ್ಳೇದು ಮಾಡ್ತೀನಿ ಅಂತ ನಡುವ ಬಂದು ನಿಂದರ್ತಾನ.”

“ನನ್ನ ಬಾಯಿಂದ ಹೊರಗ ಬೀಳೂದಿಲ್ಲ,” ಅಂದಳು ರುದ್ರಾಣಿ.

ಆ ಸಂಜೆ ವಿಜಯ ಊಟಕ್ಕೆ ಕೂತು ಸುಮ್ಮನೆ ಅನ್ನ ಕಲಸುತ್ತಿದ್ದ. ತಲೆನೋವು ಅಂದ. ಬದನೆಕಾಯಿ ಪಲ್ಯ ಅವನಿಗೆ ಇಷ್ಟವೆಂದು ಮಾಡಿದ್ದಳು. ಅರ್ಧ ಬಿಟ್ಟು ಎದ್ದ. ರುದ್ರಾಣಿ ಮಗಳ ಮಾತನ್ನು ಬಾಯಲ್ಲಿ ಇಟ್ಟುಕೊಂಡೇ ಅವನ ತಟ್ಟೆ ತೆಗೆದಳು.

ಮುಂದಿನ ಸೋಮವಾರ ಮಧ್ಯಾಹ್ನ ಫೋನು ಬಂದಾಗ ಮಹಾಶ್ವೇತಾಳ ದನಿಯಲ್ಲಿ ನೀರಿನ ಪಸೆಯೂ ಇರಲಿಲ್ಲ.

“ನಿನ್ನೆ ನಿನ್ನ ಅಳಿಯ ಬಂದಿದ್ದ. ಜೋಡಿ ಅಂವನ ಕಡೆ ಹಿರೇರು ಕಲ್ಲಯ್ಯ ಅಂಕಲ್, ಆಂಟಿ. ನನ್ನ ಮನಿಯೊಳಗ ಕೂತು ಪಂಚಾಯ್ತಿ ಮಾಡಿದ್ರು. ಮಕ್ಕಳಾಗಿದ್ರ ಹಿಂಗ ಆಗ್ತಿದ್ದಿಲ್ಲ ಅಂತ ಆಂಟಿ ಅಂದ್ರು. ಎದುರು ಮನಿಯಾಕಿ, ನನ್ನ ಜೋಡಿ ಕೆಲಸ ಮಾಡಾಕಿ, ಬಾಗಲಾ ತಗದು ನಿಂತು ನೋಡಿದ್ಲು.”

“ಅವರಿಗೆ ಹೆಂಗ ಗೊತ್ತಾತು?”

“ಹೆಂಗ ಅಂತ ನನ್ನ ಕೇಳ್ತಿಯೇನು? ಅಣ್ಣ ಫೋನ್ ಮಾಡಿದ್ನಂತ. ‘ಅವ್ವನ ಹೇಳಿದ್ಲು, ಆಸ್ಪತ್ರಿ ಹಿಂದ ಇದ್ದಾಳ, ಹೋಗಿ ಸಮಾಧಾನ ಮಾಡ್ಕೊರಿ’ ಅಂದ್ನಂತ. ನಿನಗ ಒಬ್ಬಾಕಿಗೆ ಹೇಳಿದ್ದೆ ಅವ್ವಾ. ಜಗತ್ತಿನಾಗ ನಿನಗ ಒಬ್ಬಾಕಿಗೆ.”

“ನಾ ಹೇಳಿಲ್ಲ ಮಗಳ—” ಎನ್ನುವಷ್ಟರಲ್ಲಿ ಫೋನು ಕಡಿದುಹೋಯಿತು. ಮರುದಿನದ ಮಧ್ಯಾಹ್ನ ಅದು ಬಡಿದುಕೊಳ್ಳಲಿಲ್ಲ. ರುದ್ರಾಣಿಯೇ ಹಚ್ಚಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು.

ವಿಜಯ ಮನೆಗೆ ಬಂದು ಬೂಟು ಬಿಚ್ಚುವುದರೊಳಗೆ ಕೇಳಿದಳು. “ಶಂಭುಲಿಂಗಗ ನೀ ಫೋನ್ ಮಾಡಿದ್ದೇನು?”

ಅವನು ಬೂಟಿನ ದಾರ ಬಿಚ್ಚುತ್ತಲೇ ಇದ್ದ. “ಮಾಡಿದ್ದೆ. ಹಂಗ ಬಿಟ್ರ ಹೆಂಗ? ತಂಗಿ ಸಂಸಾರ.”

“ನಿನಗ ಯಾರು ಹೇಳಿದ್ರು?”

ಅವನು ತಲೆ ಎತ್ತಿದ. ಅವ್ವನ ಮುಖ ನೋಡಿದ, ಆಮೇಲೆ ಗೋಡೆ ನೋಡಿದ. “ನೀನ ಹೇಳಿದ್ದೆಲ್ಲವ್ವ.”

“ನಾನೇನು?”

“ಶುಕ್ರವಾರ. ಚಹಾ ಕೊಡುವಾಗ. ಮರತಿಯೇನು?”

ರುದ್ರಾಣಿ ಕುರ್ಚಿಯ ಬೆನ್ನು ಹಿಡಿದು ನಿಂತಳು. ಶುಕ್ರವಾರ ಚಹಾ ಕೊಟ್ಟದ್ದು ನೆನಪಿತ್ತು. ಶುಂಠಿ ಜಜ್ಜಿದ್ದು, ಅವನು ಬಿಸ್ಕತ್ತು ಬೇಡ ಅಂದದ್ದು ನೆನಪಿತ್ತು. ಈ ಮಾತು ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಹಾಲು ಮರೆತವಳು ಇದನ್ನೂ ಮರೆತಿರಬಹುದು. ಹೊಟ್ಟೆಯಲ್ಲಿ ಹುಟ್ಟಿದ ಮಗ ಸುಳ್ಳು ಯಾಕೆ ಹೇಳುತ್ತಾನೆ?

ವಿಜಯನೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಹೋಗಲೇಬೇಕೆಂದು ಹಟ ಹಿಡಿದದ್ದು ಅವಳು. ಡಾಕ್ಟರಮ್ಮ ಗಡಿಯಾರದ ಚಿತ್ರ ಬರೆಸಿದಳು, ಮೂರು ಪದ ಹೇಳಿ ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, ಹಿಂದಿನಿಂದ ಎಣಿಸಲು ಹೇಳಿದಳು. ಎಲ್ಲ ಸರಿ ಬಂತು. “ವಯಸ್ಸಿಗೆ ಬಹಳ ಚೆನ್ನಾಗಿದ್ದೀರಿ,” ಎಂದು ಇಂಗ್ಲಿಷಿನಲ್ಲಿ ಅಂದು ಬೆನ್ನು ತಟ್ಟಿದಳು. ರುದ್ರಾಣಿಗೆ ಅಳು ಬಂತು. ರೋಗ ಅಂದಿದ್ದರೆ ಮಗಳಿಗೆ ಅದನ್ನಾದರೂ ಹೇಳಬಹುದಿತ್ತು. ಕಾರಿನಲ್ಲಿ ವಿಜಯ ರೇಡಿಯೋ ಜೋರು ಮಾಡಿದ.

ಆಮೇಲಿನ ವಾರಗಳಲ್ಲಿ ಅವಳು ಮಾತಾಡುವುದನ್ನೇ ಬಿಟ್ಟಳು. ಬಾಯಿಂದ ಏನು ಬೀಳುತ್ತದೋ ಎಂಬ ಹೆದರಿಕೆ. ಬೇಲಿಯ ಮೇಲಿಂದ ಪಂಜಾಬಿ ಮುದುಕಿ ಕರೆದರೆ ಕೈ ಮುಗಿದು ಒಳಗೆ ಬರುವಳು. ಧಾರವಾಡದಿಂದ ತಂಗಿ ಫೋನು ಮಾಡಿದರೆ, “ಎಲ್ಲಾ ಆರಾಮ್” ಅಂದು ಇಡುವಳು. ಮಧ್ಯಾಹ್ನ ಒಂದೇ ರೊಟ್ಟಿ ಬಡಿದು, ನಿಂತುಕೊಂಡೇ ತಿಂದು, ತಟ್ಟೆ ತೊಳೆದಿಟ್ಟು, ಮೊಬೈಲಿನ ಎದುರು ಕೂಡುವಳು. ಕೈಯ ಮೇಲೆ ಕೈ ಇಟ್ಟುಕೊಂಡು ಹಳೆಯ ವಿದ್ಯಾರ್ಥಿನಿಯರ ಹೆಸರನ್ನು ಹಾಜರಿ ಕರೆದಂತೆ ಒಳಗೊಳಗೇ ಹೇಳಿಕೊಂಡು ನೋಡುವಳು. ಒಂದೂ ತಪ್ಪುತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಭಯವಾಗುತ್ತಿತ್ತು.

“ಅಜ್ಜಿ ಈಸ್ ಸೋ ಕ್ವಯಟ್,” ಎಂದು ನಿಹಾರಿಕಾ ಒಂದು ದಿನ ಅಮ್ಮನ ಹತ್ತಿರ ಅಂದಳು. ಸಂಧ್ಯಾರಾಣಿಯೂ ಗಮನಿಸಿದ್ದಳು. ಉಪ್ಪು ಹೆಚ್ಚಾಯಿತು, ಸಿಂಕು ಸರಿಯಾಗಿ ಒರೆಸಿಲ್ಲ ಎಂದು ಅತ್ತೆ ಅನ್ನುವುದೇ ನಿಂತುಹೋಗಿತ್ತು. ಅವರಿಬ್ಬರೂ ಗೆಳತಿಯರಲ್ಲ, ಒಬ್ಬರ ಅಡಿಗೆ ಇನ್ನೊಬ್ಬರಿಗೆ ಸೇರುತ್ತಿರಲಿಲ್ಲ. ಆದರೂ ಬೈಸಿಕೊಳ್ಳದ ಮನೆ ಸೊಸೆಗೆ ಬಿಕೋ ಅನ್ನಿಸಿತು.

ಜುಲೈ ಕೊನೆಯಲ್ಲಿ ಸಂಧ್ಯಾರಾಣಿಗೆ ವಾರದ ನಡುವೆ ಒಂದು ದಿನ ರಜೆಯಿತ್ತು. ಅತ್ತೆ ಮಲಗಿದ್ದಾಗ ಅಡಿಗೆಮನೆಯಲ್ಲಿ ನಿಂತು ಮೈಸೂರಿನ ಅಕ್ಕನಿಗೆ ಫೋನು ಮಾಡಿ, ಜೀಲಾಂಗಿನಲ್ಲಿ ದೊಡ್ಡ ಔಷಧಿ ಅಂಗಡಿಯ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ, ಸಿಕ್ಕರೆ ಮಾತ್ರ ಮನೆಯಲ್ಲಿ ಹೇಳುತ್ತೇನೆ ಅಂದಿದ್ದಳು. ಸಂಜೆ ವಿಜಯ ತರಕಾರಿ ಚೀಲ ಇಳಿಸುತ್ತ, “ಜೀಲಾಂಗ್ ತನಕ ದಿನಾ ಡ್ರೈವ್ ಮಾಡ್ತೀಯಾ? ನಿಹಾರಿಕಾನ ಸ್ಕೂಲಿಂದ ಯಾರು ಕರ್ಕೊಂಡು ಬರೋದು?” ಅಂದ. ಅಂದ ಮೇಲೆ ಅವನ ಕೈ ಚೀಲದಲ್ಲೇ ನಿಂತಿತು.

ಸಂಧ್ಯಾರಾಣಿ ಗಂಡನನ್ನು ನೋಡಿದಳು. ಆಮೇಲೆ ಫ್ರಿಜ್ಜಿನ ಮೇಲೆ ನೋಡಿದಳು. ಎದ್ದು ಕುರ್ಚಿ ಎಳೆದು, ಹತ್ತಿ, ಟಿಲ್ಲಿಯ ವಯರು ಕಿತ್ತಳು.

ಮರುದಿನ ಬೆಳಿಗ್ಗೆ ಅವನು ಟ್ರೇನಿಗೆ ಹೋದ ಮೇಲೆ ಅತ್ತೆಯ ಪಕ್ಕ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತ ಕೇಳಿದಳು, “ಅತ್ತೆ, ಮಹಾಳ ವಿಷಯ ನೀವು ವಿಜಯ್‌ಗೆ ಹೇಳಿದ್ದು ನಿಮಗೆ ನೆನಪಿದೆಯಾ?”

“ಇಲ್ಲವ್ವ. ಅದಕ್ಕ ಡಾಕ್ಟರ ಕಡೆ ಹೋಗಿದ್ದು.”

“ನೀವು ಹೇಳೇ ಇಲ್ಲ. ನಿಮ್ಮ ಮರೆವಲ್ಲ ಅದು.” ಟಿಲ್ಲಿಯ ಕಡೆ ಕೈ ತೋರಿಸಿದಳು. “ಆಫೀಸಿಂದ ಮೊಬೈಲಲ್ಲೇ ಇದನ್ನ ಆನ್ ಮಾಡಿ ಸುಮ್ಮನೆ ಕೇಳಿಸ್ಕೋಬಹುದು. ಮಾತಾಡಬೇಕಂತ ಇಲ್ಲ. ನಿಮ್ಮದೂ ಕೇಳಿದಾರೆ, ನನ್ನದೂ ಕೇಳಿದಾರೆ. ರಾತ್ರಿ ಒಪ್ಪಿಕೊಂಡರು. ನಿಮಗೆ ಅವರೇ ಹೇಳ್ತಾರೇನೋ ಅಂತ ಬೆಳಿಗ್ಗೆ ತನಕ ಕಾದೆ.”

ರುದ್ರಾಣಿ ಸೊಪ್ಪು ಬಿಡಿಸುತ್ತಲೇ ಇದ್ದಳು. ದಂಟನ್ನು ಪಾತ್ರೆಗೆ, ಎಲೆಯನ್ನು ಕಸಕ್ಕೆ ಹಾಕುತ್ತಿದ್ದಳು. ಸಂಧ್ಯಾರಾಣಿ ಅದನ್ನು ನೋಡಿಯೂ ತಿದ್ದಲಿಲ್ಲ.

ಆ ಸಂಜೆಯ ಊಟದಲ್ಲಿ ರುದ್ರಾಣಿಯ ಹಳೆಯ ದನಿ ತಿರುಗಿ ಬಂತು.

“ಕದ್ದು ಕೇಳಿದೇನೋ?”

“ಕದ್ದು ಅಲ್ಲವ್ವ. ನೀ ಫೋನ್ ಎತ್ತಲಿಲ್ಲ ಒಂದಿನ. ಬಿದ್ದಿಯೇನೋ ಅಂತ ಹಚ್ಚಿದೆ. ಒಲಿ ಸಪ್ಪಳ ಕೇಳಿಸ್ತು, ನೀ ಹಾಡಿಕೋತಿದ್ದಿ. ಸಮಾಧಾನ ಆತು. ಆಮ್ಯಾಲ ದಿನಾ ಊಟದ ಹೊತ್ತಿಗೆ ಹಚ್ಚಿ ಕೂಡ್ತಿದ್ದೆ. ಆಫೀಸಿನಾಗ ಒಬ್ಬನ ಉಣ್ತೀನಿ...” ದನಿ ಸಣ್ಣದಾಯಿತು. “ಮಹಾ ಅಳೂದು ಕೇಳಿದ ಮ್ಯಾಲ ಸುಮ್ಮನ ಹೆಂಗ ಇರ್ಲಿ?”

“ಅಳು ಕೇಳಿದ ಕೂಡಲೇ ಆರಿಸಬೇಕಿತ್ತು,” ಅಂದಳು ಸಂಧ್ಯಾರಾಣಿ.

“ದಟ್ಸ್ ಸ್ಪೈಯಿಂಗ್, ಡ್ಯಾಡ್.”

“ನೀ ಊಟ ಮಾಡು!”

“ಅಕಿ ಮ್ಯಾಲ ಯಾಕ ಒದರ್ತಿ?” ರುದ್ರಾಣಿ ತಟ್ಟೆ ಸರಿಸಿದಳು. “ಕೇಳಿದ್ದು ಒಂದು ತಪ್ಪು, ಅದನ್ನ ನುಂಗ್ತೀನಿ. ನನಗ ಮರವು ಅಂದೆಲ್ಲ? ಡಾಕ್ಟರ ಮುಂದ ಗಡಿಯಾರ ಬರೀತ ಕೂತಾಗ ನೀ ಬಾಜೂಕ ಕುರ್ಚ್ಯಾಗ ಇದ್ದಿ. ನನ್ನ ತಲಿ ಮ್ಯಾಲ ನನಗ ನಂಬಿಕಿ ಹೋಗೂದನ್ನ ನೋಡಿಕೋತ ಕೂತಿ.”

ವಿಜಯ ನೀರಿನ ಲೋಟ ಎತ್ತಿ ಕುಡಿಯದೆ ಇಟ್ಟ.

“ತಂಗಿಗೆ ನೀನ ಫೋನ್ ಮಾಡಿ ಖರೇ ಹೇಳು. ನಾ ಹೇಳೂದಿಲ್ಲ. ಅಣ್ಣ-ತಂಗಿ ನಡುವ ನಾ ಬೆಂಕಿ ಹಚ್ಚಾಕಿ ಅಲ್ಲ. ಮತ್ತ ನನಗ ಸಿಡ್ನಿಗೆ ಟಿಕೆಟ್ ಬುಕ್ ಮಾಡು.”

“ಒಬ್ಬಾಕಿನ ಹೆಂಗ ಹೋಗ್ತಿ?”

“ಈಗೇನು ಯಾರರ ಜೋಡಿ ಅದೀನೇನು?”

ಸಿಡ್ನಿ ವಿಮಾನ ನಿಲ್ದಾಣಕ್ಕೆ ಮಹಾಶ್ವೇತಾ ಬಂದಿದ್ದಳು. ಚೀಲ ಎತ್ತಿಕೊಂಡಳು, ಅವ್ವನ ಕಾಲಿಗೆ ನಮಸ್ಕಾರ ಮಾಡಿದಳು, ಸ್ವೆಟರಿನ ಗುಂಡಿ ಹಾಕಿದಳು. ಎಲ್ಲ ಮಾಡಿದಳು, ಕಣ್ಣು ಮಾತ್ರ ಕೂಡಿಸಲಿಲ್ಲ. ಯೂನಿಟ್ ಮೂರನೆಯ ಮಹಡಿಯಲ್ಲಿತ್ತು. ಒಂದು ಮಲಗುವ ಕೋಣೆ, ಒಂದು ಸೋಫಾ, ಎರಡು ತಟ್ಟೆ. ಹಾಸಿಗೆಯನ್ನು ಅವ್ವನಿಗೆ ಬಿಟ್ಟುಕೊಟ್ಟು ತಾನು ಸೋಫಾದ ಮೇಲೆ ಮಲಗಿದಳು.

ದಿನಗಳು ಹಾಗೇ ಹೋದವು. ಬೆಳಿಗ್ಗೆ ಮಗಳು ಯೂನಿಫಾರ್ಮ್ ಹಾಕಿಕೊಂಡು ಇಳಿದು ಹೋದರೆ ರುದ್ರಾಣಿ ಬಾಲ್ಕನಿಯಿಂದ ಅವಳು ಬೀದಿ ದಾಟುವುದನ್ನು ನೋಡುವಳು. ಆಮೇಲೆ ಆಂಬ್ಯುಲೆನ್ಸುಗಳ ಕೂಗು, ಕೆಳಗಿನ ಮನೆಯ ಲೆಬನಾನಿ ಹೆಂಗಸು ಬೆಳ್ಳುಳ್ಳಿ ಹುರಿಯುವ ವಾಸನೆ. ಮಧ್ಯಾಹ್ನ ಮಗಳು ಈಗ ಯಾರಿಗೂ ಫೋನು ಹಚ್ಚುವುದಿಲ್ಲ ಎಂದು ಆಸ್ಪತ್ರೆಯ ಕಡೆ ನೋಡುತ್ತ ಅಂದುಕೊಳ್ಳುವಳು. ಸಂಜೆ ಇಬ್ಬರೂ ಉಣ್ಣುವಾಗ ಮಾತು ಸಾರಿನ ಸುತ್ತ, ಚಳಿಯ ಸುತ್ತ ತಿರುಗುತ್ತಿತ್ತು. ಶಂಭುಲಿಂಗನ ಹೆಸರಿಲ್ಲ, ಮುಂದೇನು ಎಂಬ ಮಾತಿಲ್ಲ. “ಆರಾಮ್ ಇದ್ದೀಯಿಲ್ಲೋ?” ಅಂದರೆ, “ಹೂಂ ಅವ್ವ, ನಾ ಆರಾಮ್,” ಅನ್ನುವಳು, ಹೊರಗಿನವರಿಗೆ ಹೇಳಿದ ಹಾಗೆ. ವಿಜಯ ಫೋನು ಮಾಡಿರಬಹುದೇ ಎಂದು ರುದ್ರಾಣಿ ಮಗಳ ಮುಖದಲ್ಲಿ ದಿನವೂ ಹುಡುಕಿದಳು. ಮಾಡಿದ್ದ. ಏನು ಹೇಳಿದ್ದ ಎನ್ನುವುದು ಭಾನುವಾರ ಗೊತ್ತಾಯಿತು.

ಭಾನುವಾರ ಮಗಳೇ ಅಡಿಗೆ ಮಾಡಿದಳು. ಅವ್ವನ ತಟ್ಟೆಗೆ ಚಿತ್ರಾನ್ನ ಬಡಿಸಿ, ಎದುರು ಕೂತು, ಮೊದಲ ಸಲ ಅವಳ ಕೈ ಮುಟ್ಟಿದಳು.

“ಅವ್ವಾ, ನನಗ ನಿನ್ನ ಮ್ಯಾಲ ಸಿಟ್ಟಿಲ್ಲ. ಅಣ್ಣ ಮೊನ್ನೆ ಎಲ್ಲಾ ಹೇಳಿದ. ಮರವು ಸುರುವಾಗೇದ ಅಂತ, ಡಾಕ್ಟರ ಕಡೆ ಹೋಗಿದ್ರಿ ಅಂತ. ನಿನಗ ಗೊತ್ತಿಲ್ಲದ ಬಾಯಿಂದ ಬಂದದ್ದು, ನಿನ್ನ ತಪ್ಪೇನದ? ನಾನ ಅಷ್ಟು ಕಟುವಾಗಿ ಮಾತಾಡಬಾರದಿತ್ತು.”

ರುದ್ರಾಣಿ ಆ ಕೈಯನ್ನು ನೋಡಿದಳು. ಇಷ್ಟು ವಾರ ಈ ಕೈಗಾಗಿಯೇ ಕಾದಿದ್ದಳು. ಹೂಂ ಅಂದರೆ ಸಾಕು. ಮಗಳು ಸಿಗುತ್ತಾಳೆ, ಮಗನೂ ಉಳಿಯುತ್ತಾನೆ, ಒಂದು ಮರೆವಿನ ಮುದುಕಿಯ ಲೆಕ್ಕದಲ್ಲಿ ಎಲ್ಲ ಮುಗಿಯುತ್ತದೆ. ಇನ್ನು ಮುಂದೆ ಮಗಳು ಅವಳಿಗೆ ಹಣ್ಣು ಹೆಚ್ಚಿಕೊಡುತ್ತಾಳೆ, ಸ್ವೆಟರು ಹಾಕುತ್ತಾಳೆ. ಮನಸ್ಸಿನ ಮಾತು ಮಾತ್ರ ಎಂದೂ ಹೇಳುವುದಿಲ್ಲ.

“ನಾ ಮರತಿಲ್ಲ,” ಅಂದಳು.

“ಇರಲಿ ಬಿಡವ್ವ—”

“ಇರಲಿ ಅನಬ್ಯಾಡ. ನೀ ಹೇಳಿದ ದಿನ ಯಾವ ಪಲ್ಯಾ ಮಾಡಿದ್ದೆ ಅಂತ ಹೇಳ್ಲೇನು? ನೀ ಎಲ್ಲಿ ಅತ್ತಿ, ಎಲ್ಲಿ ನಿಂತಿ, ಅಕ್ಷರಕ್ಷರ ಹೇಳ್ತೀನಿ. ನಾ ಯಾರಿಗೂ ಹೇಳಿಲ್ಲ. ವಿಜಯ ಕೇಳಿಸಿಕೊಂಡ. ಅಡಿಗಿಮನ್ಯಾಗ ಒಂದು ಸಾಮಾನು ಇಟ್ಟಿದ್ದ, ಆಫೀಸಿನಾಗ ಕೂತು ಅದರಾಗಿಂದ ನಮ್ಮ ಮಾತು ಕೇಳಿದ. ಕೇಳಿ, ನನ್ನ ಹೆಸರು ಹೇಳಿದ.”

ಮಹಾಶ್ವೇತಾ ಅವ್ವನ ಕೈ ಬಿಟ್ಟಳು. ಆಮೇಲೆ, “ಅಂದ್ರ ನೀ ಹೇಳಿಲ್ಲಂತ ನಿನಗ ಗೊತ್ತಿತ್ತು. ಆವಾಗ ಮತ್ತ ಯಾಕ ಹಟಾ ಹಿಡದು ಹೇಳಲಿಲ್ಲ?”

“ಗೊತ್ತಿದ್ದಿಲ್ಲ. ಅಂವ ‘ನೀನ ಹೇಳಿದಿ’ ಅಂದ. ಅಂವನ್ನ ನಂಬಿದೆ.”

“ನಿನ್ನಕಿಂತ ಹೆಚ್ಚು?”

“ನನ್ನಕಿಂತ ಹೆಚ್ಚು.”

ಮಗಳು ಎದ್ದು ಬಂದು ಅವ್ವನ ಹೆಗಲಿಗೆ ಮುಖ ಒತ್ತಿದಳು. ಇಬ್ಬರ ಚಿತ್ರಾನ್ನವೂ ಆರಿತು. ಆಮೇಲೆ ಮಹಾಶ್ವೇತಾ ಅಣ್ಣನಿಗೆ ಫೋನು ಹಚ್ಚಿದಳು. ಕೂಗಲಿಲ್ಲ. “ಅವ್ವ ಎಲ್ಲಾ ಹೇಳ್ಯಾಳ. ಇನ್ನ ನನಗ ಫೋನ್ ಮಾಡಬ್ಯಾಡ,” ಅಂದು ಇಟ್ಟಳು. ಶಂಭುಲಿಂಗನ ಮನೆಗೆ ತಿರುಗಿ ಹೋಗುವುದಿಲ್ಲ, ವಕೀಲರನ್ನು ನೋಡಿದ್ದೇನೆ, ಹೆದರಿಕೆಯಾಗುತ್ತದೆ ಎಂದು ಮಗಳು ಅಂದು ಸಂಜೆ ತಾನಾಗಿಯೇ ಹೇಳಿದಳು. ರುದ್ರಾಣಿ ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ.

ಮರುದಿನ ಮಗಳು ಕೆಲಸದಿಂದ ಬಂದು ಚಹಾ ಸೋಸುತ್ತಿದ್ದಾಗ ರುದ್ರಾಣಿಯ ಮೊಬೈಲು ಬಡಿದುಕೊಂಡಿತು. ವಿಜಯನ ಹೆಸರು. ಮಹಾಶ್ವೇತಾ ಅದನ್ನು ನೋಡಿ ಮುಖ ತಿರುಗಿಸಿದಳು.

“ಎತ್ತಬ್ಯಾಡವ್ವ.”

ರುದ್ರಾಣಿ ಎತ್ತಿದಳು. ಕಿವಿಗೆ ಹಿಡಿಯದೆ ಬಾಲ್ಕನಿಗೆ ಹೋಗಿ, ಹಿಂದೆ ಗಾಜಿನ ಬಾಗಿಲು ಎಳೆದುಕೊಂಡಳು. ಅದು ಸರಿಯಾಗಿ ಮುಚ್ಚಿತೇ ಎಂದು ಕೈಯಿಂದ ಒತ್ತಿ ನೋಡಿದಳು. ಕೆಳಗೆ ಬೀದಿಯ ದೀಪಗಳು ಆಗ ತಾನೇ ಹತ್ತಿದ್ದವು.

“ಹೇಳು.”

“ಅವ್ವಾ...” ಅಷ್ಟೇ. ಟ್ರೇನಿನ ಸದ್ದು, ಅದರ ನಡುವೆ ಅವನ ಬಿಗಿ ಹಿಡಿದ ಉಸಿರು. “ಮಹಾ ಅಲ್ಲೇ ಇದ್ದಾಳೇನು?”

“ಇಲ್ಲ. ಒಳಗ ಇದ್ದಾಳ. ಬಾಗಲಾ ಹಾಕೀನಿ,” ಅಂದಳು ರುದ್ರಾಣಿ, ದನಿ ಬಹಳ ತಗ್ಗಿಸಿ. “ನೀ ಆಡೂದು ಯಾರಿಗೂ ಕೇಳಸೂದಿಲ್ಲ. ನಾನೂ ಯಾರ ಮುಂದನೂ ಆಡೂದಿಲ್ಲ. ಈಗ ಅಳು.”